ಬೆಳ್ಳೂರಿನ ಸುದ್ದಿ ಯಡಿಯೂರಿಗೆ ಬರುವ ದಾರಿ

ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ ಎಂದು ಕೇಳಿದರೆ ಐದನೇ ತರಗತಿಯ ಮಗುವೂ 31 ಎನ್ನುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಹೊರಬೀಳುವ ದಿನ ಮಾತ್ರ ಅವು 35 ಆಗಿಬಿಡುತ್ತವೆ. ಬೆಳಗಾವಿಯ ಪಕ್ಕದಲ್ಲಿ ಚಿಕ್ಕೋಡಿ, ಉತ್ತರ ಕನ್ನಡದ ಪಕ್ಕದಲ್ಲಿ ಶಿರಸಿ, ಬೆಂಗಳೂರು ನಗರ ಒಡೆದು ಉತ್ತರ ಮತ್ತು ದಕ್ಷಿಣ, ತುಮಕೂರಿನ ಪಕ್ಕದಲ್ಲಿ ಮಧುಗಿರಿ. ಇವಕ್ಕೆ ಶೈಕ್ಷಣಿಕ ಜಿಲ್ಲೆಗಳೆಂದು ಹೆಸರು. ಹತ್ತು ತಾಲ್ಲೂಕಿನ ತುಮಕೂರಿನಲ್ಲಿ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಆ ಪಾಲಿಗೆ. ತುಮಕೂರು, ಗುಬ್ಬಿ, ಕುಣಿಗಲ್, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಪಾಲಿಗೆ. ಕಂದಾಯಕ್ಕೆ ಒಂದೇ ಜಿಲ್ಲೆ, ಒಬ್ಬರೇ ಜಿಲ್ಲಾಧಿಕಾರಿ. ಶಾಲೆಗಳಿಗೆ ಎರಡು ಜಿಲ್ಲೆ, ಆಡಳಿತಕ್ಕೆ ಇಬ್ಬರು ಉಪನಿರ್ದೇಶಕರು. ಮೇಷ್ಟ್ರುಗಳ ಬಾಯಲ್ಲಿ ಅವರು ಡಿಡಿಪಿಐ ಸಾಹೇಬರು.

ಈ ಗೆರೆಗಳು ಊಟ, ನೆಂಟಸ್ತನ, ಸಂತೆ ಯಾವುದಕ್ಕೂ ಅಡ್ಡ ಬರುವುದಿಲ್ಲ. ಶಾಲೆಯ ಸುದ್ದಿಗೆ ಮಾತ್ರ ಬರುತ್ತವೆ. ಯಡಿಯೂರನ್ನೇ ನೋಡಿ. ಕುಣಿಗಲ್ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿರುವ ಹೋಬಳಿ ಕೇಂದ್ರ. ಸಿದ್ಧಲಿಂಗೇಶ್ವರರ ಕ್ಷೇತ್ರವಾದ್ದರಿಂದ ನಾಡಿಗೆಲ್ಲ ಗೊತ್ತು. ಬೆಂಗಳೂರು–ಮಂಗಳೂರು ಹೆದ್ದಾರಿಯ ಬಸ್ಸುಗಳು ಇದನ್ನು ಹಾದೇ ಹೋಗಬೇಕು. 2017ರಲ್ಲಿ ಹಾಸನಕ್ಕೆ ಹೊಸ ರೈಲು ದಾರಿ ತೆರೆದ ಮೇಲೆ ಊರಿಗೊಂದು ಸ್ಟೇಷನ್ನೂ ಬಂತು. ಇಲ್ಲಿಂದ ಹೆದ್ದಾರಿಯಲ್ಲಿ ಹಾಸನದ ಕಡೆಗೆ ಇಪ್ಪತ್ತು ನಿಮಿಷ ಹೋದರೆ ಬೆಳ್ಳೂರು ಕ್ರಾಸ್. ಆದರೆ ಅದು ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ. ಮಂಡ್ಯ ಇರುವುದು ಶಿಕ್ಷಣ ಇಲಾಖೆಯ ಮೈಸೂರು ವಿಭಾಗದಲ್ಲಿ, ತುಮಕೂರು ಇರುವುದು ಬೆಂಗಳೂರು ವಿಭಾಗದಲ್ಲಿ.

ಬೆಳ್ಳೂರಿನ ಆಸುಪಾಸಿನ ಒಂದು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರೊಬ್ಬರು ಭಿನ್ನರಾಶಿ ಕಲಿಸಲು ಒಂದು ಒಳ್ಳೆಯ ಉಪಾಯ ಕಂಡುಕೊಂಡರು ಎನ್ನೋಣ. ಆ ಸುದ್ದಿ ಯಡಿಯೂರಿನ ಶಾಲೆಗೆ ಇಲಾಖೆಯ ಹಾದಿಯಲ್ಲೇ ಬರಬೇಕಾದರೆ ಮೊದಲು ನಾಗಮಂಗಲಕ್ಕೆ ಹೋಗಬೇಕು. ಅಲ್ಲಿಂದ ಮಂಡ್ಯ, ಅಲ್ಲಿಂದ ಬೆಂಗಳೂರಿನ ನೃಪತುಂಗ ರಸ್ತೆಯ ಆಯುಕ್ತರ ಕಚೇರಿ. ಅಲ್ಲಿ ಯಾರಿಗಾದರೂ ಅದು ಮೆಚ್ಚುಗೆಯಾಗಿ ಸುತ್ತೋಲೆಯ ರೂಪ ತಾಳಿದರೆ ತುಮಕೂರಿಗೆ ಇಳಿದು, ಕುಣಿಗಲ್ಲಿಗೆ ಬಂದು, ಕೊನೆಗೆ ಯಡಿಯೂರು. ಅಷ್ಟರಲ್ಲಿ ಭಿನ್ನರಾಶಿಯ ಪಾಠ ಮುಗಿದು ಪರೀಕ್ಷೆಯೂ ಆಗಿರುತ್ತದೆ. ಬಸ್ಸು ಹತ್ತಿ ಬಂದರೆ ಇಪ್ಪತ್ತು ನಿಮಿಷದ ಸುದ್ದಿ ಅದು.

ನಮ್ಮ ಶಿಕ್ಷಣ ಇಲಾಖೆಯಲ್ಲಿ ಆದೇಶ ಸರಾಗವಾಗಿ ಕೆಳಗಿಳಿಯುತ್ತದೆ. ಮಾಹಿತಿ ಅಷ್ಟೇ ಸರಾಗವಾಗಿ ಮೇಲೇರುತ್ತದೆ. ಒಂದು ಶಾಲೆಯ ಸುದ್ದಿ ಪಕ್ಕದ ಶಾಲೆಗೆ ಹೋಗುವ ಅಡ್ಡದಾರಿ ಮಾತ್ರ ಇನ್ನೂ ಸರಿಯಾಗಿ ಆಗಿಲ್ಲ. ಆ ದಾರಿ ತೆರೆಯಬಲ್ಲವರು ಯಾರು ಎಂದು ನೋಡಿದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ. ಎಲ್ಲ ಶಾಲೆಗಳ ಹೆಸರು, ಎಲ್ಲ ಹೆಡ್‌ಮಾಸ್ಟರುಗಳ ಮುಖ ಗೊತ್ತಿರುವ ಮಟ್ಟ ಅದೊಂದೇ. ಡಿಡಿಪಿಐಗೆ ಶಾಲೆಗಳು ಅಂಕಿಗಳಾಗಿ ಕಾಣುತ್ತವೆ, ಶಾಲಾ ಸಮೂಹದ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಗೆ ತಮ್ಮ ಹದಿನೈದಿಪ್ಪತ್ತು ಶಾಲೆಗಳಷ್ಟೇ ಕಾಣುತ್ತವೆ. ರಾಜ್ಯದಲ್ಲಿ ಇಂಥ 204 ಶೈಕ್ಷಣಿಕ ತಾಲ್ಲೂಕುಗಳಿವೆ. ಕಡತದಲ್ಲಿ ಅವನ್ನು ಬ್ಲಾಕ್ ಎನ್ನುತ್ತಾರೆ.

ಹೊರಗಿನವರಿಗೆ ಇಲಾಖೆ ಎಂದರೆ ಒಂದೇ ಏಣಿಯಂತೆ ಕಂಡೀತು. ಒಳಗೆ ಹೊಕ್ಕರೆ ಏಣಿಗಳು ನಾಲ್ಕೈದು. ಜಿಲ್ಲೆಯಲ್ಲಿ ಆಡಳಿತಕ್ಕೊಬ್ಬರು ಉಪನಿರ್ದೇಶಕರು, ಅಭಿವೃದ್ಧಿಗೊಬ್ಬರು. ಎರಡನೆಯವರೇ ಡಯಟ್‌ನ ಪ್ರಾಂಶುಪಾಲರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಹುಟ್ಟಿದ, ಶಿಕ್ಷಕರ ತರಬೇತಿಯ ಸಂಸ್ಥೆ ಅದು. ತಾಲ್ಲೂಕಿನಲ್ಲೂ ಅದೇ ಜೋಡಿ: ಆಡಳಿತಕ್ಕೆ ಬಿಇಒ, ತರಬೇತಿ ಮತ್ತು ಕಾರ್ಯಕ್ರಮಗಳಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಮನ್ವಯಾಧಿಕಾರಿ. ಬಿಸಿಯೂಟಕ್ಕೆ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು ಬೇರೆ. ಹೋಬಳಿಗೆ ಶಿಕ್ಷಣ ಸಂಯೋಜಕರು, ಸಮೂಹಕ್ಕೆ ಸಿಆರ್‌ಪಿ. ಇದರ ಮೇಲೆ ಮತಗಟ್ಟೆ ಮಟ್ಟದ ಅಧಿಕಾರಿಯ ಹೊಣೆ ಹೆಗಲಿಗೆ ಬಿದ್ದಿದ್ದರೆ ತಹಶೀಲ್ದಾರರ ಕಚೇರಿ.

ಇವರೆಲ್ಲರಿಗೂ ಒಂದೊಂದು ವಾಟ್ಸ್ಆ್ಯಪ್ ಗ್ರೂಪ್ ಇದೆ. ಕೋವಿಡ್ ಕಾಲದಲ್ಲಿ ಪಾಠ ಮುಟ್ಟಿಸಲು ಗಟ್ಟಿಯಾದ ಈ ಅಭ್ಯಾಸ ಶಾಲೆ ತೆರೆದ ಮೇಲೆ ಕಡತ ಮುಟ್ಟಿಸುವ ಕೆಲಸಕ್ಕೆ ಒಗ್ಗಿಕೊಂಡಿತು. ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹೆಡ್‌ಮಾಸ್ಟರ ಫೋನಿನಲ್ಲಿ ಪಿಡಿಎಫ್‌ಗಳ ಸಾಲು. ಮೇಲೆ ‘ಅತಿ ತುರ್ತು’, ಕೆಳಗೆ ‘ಇಂದು ಸಂಜೆ 4 ಗಂಟೆಯೊಳಗೆ’, ಅದರ ಕೆಳಗೆ ‘ಮಾಹಿತಿ ಇಲ್ಲದಿದ್ದಲ್ಲಿ ಶೂನ್ಯ ವರದಿ ಸಲ್ಲಿಸುವುದು’. “ಸಾರ್, ಗ್ರೂಪ್ ನೋಡಿದ್ರಾ? ಅರ್ಜೆಂಟ್ ಅಂತ ಹಾಕವ್ರೆ” ಎಂದು ಒಬ್ಬ ಹೆಡ್‌ಮಾಸ್ಟರು ಇನ್ನೊಬ್ಬರಿಗೆ ಫೋನು ಮಾಡುತ್ತಾರೆ. ಮಕ್ಕಳ ದಾಖಲಾತಿಯ ಲೆಕ್ಕ ರಾಜ್ಯದ ವಿದ್ಯಾರ್ಥಿ ದತ್ತಾಂಶ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಈಗಾಗಲೇ ಇರುತ್ತದೆ, ಕೇಂದ್ರದ ಯು-ಡೈಸ್‌ನಲ್ಲೂ ಇರುತ್ತದೆ. ಆದರೂ ಅದೇ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಇನ್ನೊಮ್ಮೆ ಕೇಳುತ್ತಾರೆ. ಕೇಳುವವರದೂ ತಪ್ಪಲ್ಲ. ಅವರಿಗೂ ಮೇಲಿನಿಂದ ಸಂಜೆ 5 ಗಂಟೆಯ ಗಡುವು ಬಂದಿರುತ್ತದೆ.

ಇವೆಲ್ಲ ಬರುವುದು ಬಹುತೇಕ ಒಂದೇ ಭಾಷೆಯಲ್ಲಿ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ‘ಉಲ್ಲೇಖಿತ ಪತ್ರದಲ್ಲಿ ಸೂಚಿಸಿರುವಂತೆ’, ‘ತಪ್ಪಿದಲ್ಲಿ ತಮ್ಮನ್ನೇ ಹೊಣೆಗಾರರನ್ನಾಗಿ ಮಾಡಲಾಗುವುದು’. ಇಂಥ ಕಾಗದದಲ್ಲಿ ಏನು ಮಾಡಬೇಕೆಂಬುದು ಇರುತ್ತದೆ, ಯಾವಾಗ ಮಾಡಬೇಕೆಂಬುದು ಇನ್ನೂ ದಪ್ಪ ಅಕ್ಷರದಲ್ಲಿ ಇರುತ್ತದೆ. ಯಾಕೆ ಮಾಡಬೇಕು, ಬೇರೆಯವರು ಹೇಗೆ ಮಾಡಿದರು, ಕಳೆದ ವರ್ಷ ಮಾಡಿದ್ದರಿಂದ ಏನಾಯಿತು, ಈ ಮೂರು ಇರುವುದಿಲ್ಲ. ಒಬ್ಬ ಅಧ್ಯಾಪಕಿಗೆ ತನ್ನ ಇಲಾಖೆಯ ಬಗ್ಗೆ ತಿಳಿಯಬೇಕಾದ್ದು ಈ ಮೂರೇ ಎಂದು ನನ್ನ ಅಭಿಪ್ರಾಯ.

ಹಾಗಾಗಿ ಮೇಷ್ಟ್ರುಗಳು ಸುದ್ದಿಗೆ ಬೇರೆ ಬಾವಿಗಳನ್ನು ಹುಡುಕಿಕೊಂಡಿದ್ದಾರೆ. ವರ್ಗಾವಣೆಯ ಕೌನ್ಸೆಲಿಂಗ್ ಯಾವಾಗ, ತುಟ್ಟಿಭತ್ಯೆ ಎಷ್ಟು ಏರಿತು, ಪ್ರಾಥಮಿಕ ಶಾಲಾ ಶಿಕ್ಷಕರು (ಪಿಎಸ್‌ಟಿ) ಮತ್ತು ಪದವೀಧರ ಪ್ರಾಥಮಿಕ ಶಿಕ್ಷಕರ (ಜಿಪಿಟಿ) ತಗಾದೆ ಎಲ್ಲಿಗೆ ಬಂತು ಎಂಬುದೆಲ್ಲ ಅಧಿಕಾರಿಯ ಕಾಗದಕ್ಕಿಂತ ಮೊದಲೇ ಸಂಘದ ಪದಾಧಿಕಾರಿಯಿಂದಲೋ ಯೂಟ್ಯೂಬಿನ ಯಾವುದೋ ಚಾನೆಲ್ಲಿನಿಂದಲೋ ಗೊತ್ತಾಗಿರುತ್ತದೆ. ಅರ್ಧ ನಿಜ, ಅರ್ಧ ಗಾಳಿಮಾತು. ಅಧಿಕಾರಿ ಮಾತಾಡದ ಕಡೆ ಗಾಳಿಮಾತು ಅಧಿಕಾರಿಯಾಗುತ್ತದೆ. 2025ರ ದಸರೆಯ ರಜೆಯನ್ನೇ ನೆನೆಯಿರಿ. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರು ಮನೆಮನೆ ತಿರುಗುತ್ತಿದ್ದ ಕಾಲ. ಸಮೀಕ್ಷೆ ಮುಗಿಯದೆ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಮುಂದಕ್ಕೆ ಹೋಯಿತು. ಇಂಥ ಹೊತ್ತಿನಲ್ಲೇ ಗಾಳಿಮಾತಿಗೆ ರೆಕ್ಕೆ ಬರುವುದು.

ಅಧಿಕಾರಿ ಬರೀ ಆದೇಶ ಹೊರಡಿಸುವವನಲ್ಲ, ತನ್ನ ಕೈಕೆಳಗಿನ ಮೇಷ್ಟ್ರುಗಳಿಗೆ ಸುದ್ದಿ ಮುಟ್ಟಿಸುವವನೂ ಹೌದು ಎಂದು ಕನ್ನಡ ನಾಡಿನಲ್ಲಿ ಒಬ್ಬರು ನೂರಾ ಅರವತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. ಅವರು ಡೆಪ್ಯುಟಿ ಚನ್ನಬಸಪ್ಪ. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಈ ಮನುಷ್ಯನ ಹೆಸರಿಗೆ ಅಂಟಿಕೊಂಡ ‘ಡೆಪ್ಯುಟಿ’ ಮನೆತನದ್ದಲ್ಲ, ಹುದ್ದೆಯದು: ಮುಂಬಯಿ ಸರ್ಕಾರದ ವಿದ್ಯಾ ಇಲಾಖೆಯ ಡೆಪ್ಯುಟಿ ಎಜುಕೇಷನಲ್ ಇನ್‌ಸ್ಪೆಕ್ಟರ್. ಇಂದಿನ ಲೆಕ್ಕದಲ್ಲಿ ಬಿಇಒ, ಡಿಡಿಪಿಐಗಳ ಪೂರ್ವಜರು ಎನ್ನಬಹುದು. ಆಗ ಧಾರವಾಡ, ಬೆಳಗಾವಿ ಸೀಮೆಯ ಶಾಲೆಗಳಲ್ಲಿ ಮರಾಠಿಯ ಮೇಲುಗೈ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಶಾಲೆಯಲ್ಲಿ ಮರಾಠಿ ಓದಬೇಕಿತ್ತು. ರಸೆಲ್ ಎಂಬ ಇಂಗ್ಲಿಷ್ ಮೇಲಧಿಕಾರಿಯ ಬೆಂಬಲ ಪಡೆದು ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಬೆಳೆಸಿದರು. ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರುಗಳನ್ನು ತಯಾರು ಮಾಡಿದರು. ಬಿಡುವಿನಲ್ಲಿ ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕಿಳಿಸಿದರು.

ಶಾಲೆ ತೆರೆಯುವುದು, ಮೇಷ್ಟ್ರನ್ನು ನೇಮಿಸುವುದು ಒಂದು ಕೆಲಸ. ಆ ಮೇಷ್ಟ್ರು ಹಳ್ಳಿಗೆ ಹೋಗಿ ಒಂಟಿಯಾಗಿ ಕುಳಿತ ಮೇಲೆ ಏನು? ಪುಸ್ತಕ ಇಲ್ಲ, ಜೊತೆಗಾರರಿಲ್ಲ, ವರ್ಷಕ್ಕೊಮ್ಮೆಯೋ ಎರಡು ಸಲವೋ ತಪಾಸಣೆಗೆ ಬರುವ ಸಾಹೇಬರು ಮಾತ್ರ. ಇಂಥವರ ಕೈಗೆ 1865ರಲ್ಲಿ ಬೆಳಗಾವಿಯಿಂದ ಒಂದು ಪತ್ರಿಕೆ ಬರತೊಡಗಿತು. ಹೆಸರು ‘ಮಠಪತ್ರಿಕೆ’, ಆಗ ಶಾಲೆಯನ್ನು ಮಠವೆಂದೇ ಕರೆಯುತ್ತಿದ್ದರು. ಅದರ ಹಿಂದೆ ಇದ್ದವರು ಚನ್ನಬಸಪ್ಪ. ಮುಂದೆ ಅದೇ ಬಳ್ಳಿ ‘ಶಾಲಾಪತ್ರಿಕೆ’ ಎಂಬ ಹೆಸರಿನಲ್ಲಿ ಚಿಗುರಿ, ವೆಂಕಟ ರಂಗೋ ಕಟ್ಟಿಯವರಂಥ ಪಂಡಿತರ ಸಂಪಾದಕತ್ವ ಕಂಡು, ಇಪ್ಪತ್ತನೆಯ ಶತಮಾನದಲ್ಲಿ ಧಾರವಾಡದಿಂದ ‘ಜೀವನ ಶಿಕ್ಷಣ’ವಾಗಿ ಹೊರಬಂತು. ಕನ್ನಡ ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ಇವನ್ನು ಒಂದೆರಡು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುವುದು ವಾಡಿಕೆ. ಸುದ್ದಿಪತ್ರಿಕೆಗಳ ಸಾಲಿನಲ್ಲಿ ನಿಲ್ಲಿಸಿದರೆ ಅವು ಸಣ್ಣವಾಗಿಯೇ ಕಾಣುತ್ತವೆ. ಸರ್ಕಾರಿ ಅಧಿಕಾರಿಯೊಬ್ಬ ತನ್ನ ಸಿಬ್ಬಂದಿಯೊಂದಿಗೆ ಮಾತಾಡಲು ಮಾಡಿಕೊಂಡ ಏರ್ಪಾಡು ಎಂದು ನೋಡಿದರೆ ಮಾತ್ರ ಅವುಗಳ ತೂಕ ತಿಳಿಯುತ್ತದೆ. ಹುಕುಂ ಹೊರಡಿಸಲು ಚನ್ನಬಸಪ್ಪನವರಿಗೆ ಪತ್ರಿಕೆ ಬೇಕಿರಲಿಲ್ಲ. ಅದಕ್ಕೆ ಟಪಾಲಿನ ಕಾಗದ ಸಾಕಿತ್ತು.

ಹಳೆ ಮೈಸೂರಿನ ಕಥೆ ಬೇರೆ ಬಗೆಯದು. ಇಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ 1868ರಲ್ಲಿ ಶುರುವಾಯಿತು. ಅದನ್ನು ರೂಪಿಸಿದವರು ಆಗಷ್ಟೇ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್. ಶಾಸನಗಳ ರೈಸ್ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಶಾಲೆ ತಪಾಸಣೆಗೆಂದು ಊರೂರು ತಿರುಗುವಾಗ ಗುಡಿಯ ಮುಂದೆ, ಹೊಲದ ಬದುವಿನಲ್ಲಿ ಕಂಡ ಕಲ್ಲುಗಳ ಮೇಲೆ ಅವರ ಕಣ್ಣು ಬಿತ್ತು. ಅದರ ಫಲವೇ ‘ಎಪಿಗ್ರಾಫಿಯಾ ಕರ್ನಾಟಿಕಾ’. 1904ರಲ್ಲಿ ಬಂದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದೇ. ಕನ್ನಡಿಗರ ಚರಿತ್ರೆಗೆ ಇಷ್ಟು ದೊಡ್ಡ ಲಾಭ ತಂದ ಶಾಲಾ ತಪಾಸಣೆ ಇನ್ನೊಂದಿಲ್ಲ. ತಿರುಗಾಡುವ ಅಧಿಕಾರಿ ಒಂದೂರಿನ ಸಂಗತಿಯನ್ನು ಇನ್ನೊಂದೂರಿಗೆ ಹೊತ್ತೊಯ್ಯುತ್ತಾನೆ. ಕುಳಿತಲ್ಲೇ ಕುಳಿತವನಿಗೆ ಅದು ಸಾಧ್ಯವಿಲ್ಲ. ವಿಡಿಯೊ ಕಾನ್ಫರೆನ್ಸ್ ಬಂದ ಮೇಲೆ ಅಧಿಕಾರಿಗಳ ತಿರುಗಾಟಕ್ಕೆ ಉಳಿಯುವ ಹೊತ್ತು ಕಡಿಮೆಯಾಗಿದೆ. ತಿಂಗಳಲ್ಲಿ ಎಷ್ಟೋ ದಿನ ಅವರು ಪರದೆಯ ಮುಂದೆ, ಮೇಲಿನವರಿಗೆ ಉತ್ತರ ಹೇಳುತ್ತ ಕುಳಿತಿರಬೇಕು.

ಅಡ್ಡದಾರಿಯಲ್ಲಿ ಬಂದ ಸುದ್ದಿಯೊಂದು ಇಡೀ ರಾಜ್ಯದ ಪಾಠಕ್ರಮವನ್ನೇ ಬದಲಿಸಿದ ಉದಾಹರಣೆ ನಮ್ಮಲ್ಲೇ ಇದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಅಲ್ಲಿ ಒಂದೇ ಕೊಠಡಿಯಲ್ಲಿ ಹಲವು ತರಗತಿಯ ಮಕ್ಕಳು ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಊರಿಗೆ ಬಂದವರು ಅದನ್ನು ಕನ್ನಡಕ್ಕೆ, ತಮ್ಮ ಕಾಡಂಚಿನ ಮಕ್ಕಳಿಗೆ ಒಗ್ಗುವಂತೆ ತಿದ್ದಿಕೊಂಡರು. ಯುನಿಸೆಫ್ ನೆರವು ಸಿಕ್ಕಿತು. ಅದೇ ‘ನಲಿ-ಕಲಿ’. ಮೊದಮೊದಲು ಅದು ಹರಡಿದ್ದು ಶಿಕ್ಷಕರು ಶಿಕ್ಷಕರ ಶಾಲೆಗೆ ಹೋಗಿ ನೋಡಿದ್ದರಿಂದ. 2009–10ರಲ್ಲಿ ಅದು ಆದೇಶವಾಗಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಇಳಿಯಿತು. ಕಾರ್ಡುಗಳು ಬಂದವು, ಮಕ್ಕಳು ಗುಂಪುಗುಂಪಾಗಿ ಕೂರುವ ‘ತಟ್ಟೆ’ಗಳು ಬಂದವು, ತರಬೇತಿ ಬಂತು. ಹುಟ್ಟಿದ ಕಥೆ ಮಾತ್ರ ಜೊತೆಗೆ ಬರಲಿಲ್ಲ. ಯಾವ ತೊಡಕು ಬಿಡಿಸಲು ಈ ವಿಧಾನ ಹುಟ್ಟಿತು ಎಂದು ಗೊತ್ತಿಲ್ಲದ ಶಿಕ್ಷಕರಿಗೆ ಅದು ‘ಇಲಾಖೆಯ ಇನ್ನೊಂದು ಕಾರ್ಯಕ್ರಮ’ವಾಯಿತು. ಇವತ್ತಿಗೂ ನಲಿ-ಕಲಿ ಬೇಕೆನ್ನುವವರು ಮತ್ತು ಬೇಡವೆನ್ನುವವರು ಸ್ಟಾಫ್ ರೂಮಿನಲ್ಲಿ ಜಗಳವಾಡುತ್ತಾರೆ. ಇಬ್ಬರಲ್ಲಿ ಎಷ್ಟು ಜನಕ್ಕೆ ಎಚ್.ಡಿ. ಕೋಟೆಯ ಸುದ್ದಿ ಗೊತ್ತು?

ಹೈಸ್ಕೂಲು ಮಟ್ಟದಲ್ಲಿ ಸುಮಾರು 2011ರಿಂದ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಪ್ರಯತ್ನ ನಡೆಯಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಜಿಲ್ಲೆಯ ಗಡಿ ದಾಟಿ ಪರಸ್ಪರ ಪ್ರಶ್ನೆ ಕೇಳಿಕೊಳ್ಳುವಂತೆ, ಪಾಠ ಸಾಮಗ್ರಿ ಹಂಚಿಕೊಳ್ಳುವಂತೆ ಇಲಾಖೆಯೇ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಸೇರಿ ಮಾಡಿದ ವ್ಯವಸ್ಥೆ. ಅಲ್ಲಿ ಬೆಳ್ಳೂರಿಗೂ ಯಡಿಯೂರಿಗೂ ನಡುವೆ ಬೆಂಗಳೂರು ಬರುತ್ತಿರಲಿಲ್ಲ. ಅಂದರೆ ಇಲಾಖೆಗೆ ಈ ವಿಚಾರ ಹೊಳೆದಿಲ್ಲವೆಂದಲ್ಲ. ಪ್ರಾಥಮಿಕ ಶಾಲೆಯ ಹೊಸಿಲಿಗೆ ಅದು ಬಂದಿಲ್ಲ, ಅಷ್ಟೆ.

ಅಧಿಕಾರಿಯೇ ಸುದ್ದಿ ಮುಟ್ಟಿಸುವ ರೂಢಿ ಹೊರದೇಶದಲ್ಲೂ ಇದೆ. ಅಮೆರಿಕದಲ್ಲಿ ಹದಿಮೂರು ಸಾವಿರದಷ್ಟು ಶಾಲಾ ಜಿಲ್ಲೆಗಳಿವೆ. ಸಾಮಾನ್ಯವಾಗಿ ಒಂದೊಂದಕ್ಕೂ ಒಬ್ಬ ಸೂಪರಿಂಟೆಂಡೆಂಟ್. ಬಹುತೇಕ ಕಡೆ ಊರಿನ ಜನ ಓಟು ಹಾಕಿ ಆರಿಸಿದ ಶಾಲಾ ಮಂಡಳಿ ಅವರನ್ನು ನೇಮಿಸುತ್ತದೆ. ಅಲ್ಲಿನ ಎಷ್ಟೋ ಸೂಪರಿಂಟೆಂಡೆಂಟರು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಸಿಬ್ಬಂದಿಗೆ ತಮ್ಮ ಹೆಸರಿನಲ್ಲೇ ಒಂದು ಕಾಗದ ಬರೆಯುತ್ತಾರೆ: ಬಜೆಟ್ಟಿನಲ್ಲಿ ಎಲ್ಲಿ ಕೊರತೆ ಬಿದ್ದಿದೆ, ಯಾವ ಶಾಲೆಯನ್ನು ಯಾವುದರೊಡನೆ ಸೇರಿಸುವ ಮಾತು ನಡೆಯುತ್ತಿದೆ, ಯಾವ ಟೀಚರು ನಿವೃತ್ತರಾದರು. ಇದನ್ನು ಕಂಡು ನಮ್ಮ ಬಿಇಒಗಳೂ ಹಾಗೆ ಬರೆಯಲಿ ಎನ್ನುವುದು ಸುಲಭ. ಆದರೆ ಶಿಕ್ಷಕರನ್ನು ನೇಮಿಸುವ, ಹಣ ಹಂಚುವ, ಶಾಲೆ ತೆರೆಯುವ ಮುಚ್ಚುವ ಅಧಿಕಾರ ಅಲ್ಲಿ ಆ ಮಂಡಳಿ ಮತ್ತು ಸೂಪರಿಂಟೆಂಡೆಂಟರ ಕೈಯಲ್ಲೇ ಇದೆ. ತೀರ್ಮಾನ ಅವರದ್ದಾದ್ದರಿಂದ ವಿವರಿಸುವ ಹೊಣೆಯೂ ಅವರದ್ದು. ನಮ್ಮ ಬಿಇಒ ಒಂದು ಶಾಲೆಗೆ ಒಬ್ಬ ಶಿಕ್ಷಕರನ್ನು ಕೊಡಬೇಕಾದರೂ ನಿಯೋಜನೆಯ ಮೇಲೆ ಇನ್ನೊಂದು ಶಾಲೆಯಿಂದ ಕಿತ್ತು ಕಳಿಸಬೇಕು. ತಾವು ಮಾಡದ ತೀರ್ಮಾನವನ್ನು ಯಾರಾದರೂ ಹೇಗೆ ವಿವರಿಸಿಯಾರು? ಅಲ್ಲದೆ ಸರ್ಕಾರಿ ನೌಕರರ ನಡತೆ ನಿಯಮಗಳೂ ಇವೆ. ತಮ್ಮ ಹೆಸರಿನಲ್ಲಿ ಅಭಿಪ್ರಾಯ ಬರೆದು ಹಂಚುವ ಅಭ್ಯಾಸಕ್ಕೆ ಅವು ಒಗ್ಗುವುದಿಲ್ಲ.

ಇಷ್ಟೆಲ್ಲ ಕಟ್ಟುಪಾಡು ಇದ್ದೂ ಬಿಇಒ ಕೈಯಲ್ಲಿ ಒಂದು ವೇದಿಕೆ ಉಳಿದಿದೆ. ಅದು ಮಾಸಿಕ ಸಭೆ. ಹೆಡ್‌ಮಾಸ್ಟರುಗಳದ್ದು ತಾಲ್ಲೂಕು ಕೇಂದ್ರದಲ್ಲಿ, ಶಿಕ್ಷಕರ ಸಮಾಲೋಚನಾ ಸಭೆ ಸಮೂಹ ಮಟ್ಟದಲ್ಲಿ. ತೊಂಬತ್ತರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ), ಆಮೇಲೆ ಸರ್ವ ಶಿಕ್ಷಣ ಅಭಿಯಾನ ಬಂದಾಗ ಬಿಆರ್‌ಸಿಗಳನ್ನು, ಸಮೂಹ ಮಟ್ಟದ ಸಿಆರ್‌ಸಿಗಳನ್ನು ಕಟ್ಟಿದ್ದೇ ಶಿಕ್ಷಕರು ಶಿಕ್ಷಕರಿಂದ ಕಲಿಯಲಿ ಎಂದು. ಒಬ್ಬರು ಮಾದರಿ ಪಾಠ ಮಾಡಬೇಕು, ಉಳಿದವರು ನೋಡಿ ಚರ್ಚಿಸಬೇಕು. ಅದಕ್ಕೆಂದೇ ಸಿಆರ್‌ಪಿಯನ್ನು ಶಿಕ್ಷಕರ ನಡುವಿನಿಂದಲೇ ಆರಿಸುವುದು. ಆಗಿರುವುದೇನೆಂದರೆ ಸಿಆರ್‌ಪಿ ಮಾಹಿತಿ ವಸೂಲಿಗಾರರಾಗಿದ್ದಾರೆ, ಸಭೆ ಪಟ್ಟಿ ಓದುವ ಜಾಗವಾಗಿದೆ. ಹಾಲು ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಆಧಾರ್ ಜೋಡಣೆ ಬಾಕಿ, ಶೂ ಸಾಕ್ಸ್ ಬಿಲ್ಲು. ಇವು ಬೇಡವೆಂದಲ್ಲ. 2013ರಲ್ಲಿ ಕ್ಷೀರಭಾಗ್ಯ ಬಂದದ್ದರಿಂದ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾದದ್ದರಿಂದ ಮಕ್ಕಳ ಹೊಟ್ಟೆ ತುಂಬಿದೆ, ಲೆಕ್ಕ ಇಡಲೇಬೇಕು. ಆದರೆ ಲೆಕ್ಕ ಫೋನಿನಲ್ಲಿ ಹೋಗಬಹುದು, ಪಾಠದ ಮಾತು ಎದುರೆದುರು ಕೂತಾಗಲೇ ಆಗಬೇಕು. ಈಗ ನಡೆಯುತ್ತಿರುವುದು ಇದರ ತಿರುಗುಮುರುಗು.

ಈ ಸಭೆಯ ಬೆಲೆ ಗೊತ್ತಾಗಬೇಕಾದರೆ ಕುಣಿಗಲ್, ಗುಬ್ಬಿ ಕಡೆಯ ಸಣ್ಣ ಕಿರಿಯ ಪ್ರಾಥಮಿಕ ಶಾಲೆಗಳನ್ನು ಕಲ್ಪಿಸಿಕೊಳ್ಳಬೇಕು. ಹೆದ್ದಾರಿ, ರೈಲು ಎಲ್ಲ ಬೆಂಗಳೂರನ್ನು ಹತ್ತಿರ ಮಾಡಿವೆ. ಪಟ್ಟಣದ ಖಾಸಗಿ ಶಾಲೆಯ ಹಳದಿ ವ್ಯಾನು ತೋಟದ ಮನೆಯ ಬಾಗಿಲಿಗೆ ಬರುತ್ತದೆ. ಹಳ್ಳಿಯ ಶಾಲೆಯಲ್ಲಿ ಉಳಿದಿರುವ ಮಕ್ಕಳು ಎಷ್ಟೋ ಕಡೆ ಹತ್ತು, ಹನ್ನೆರಡು. ಶಿಕ್ಷಕರು ಇಬ್ಬರು, ಕೆಲವು ಕಡೆ ಒಬ್ಬರೇ. ಒಬ್ಬರೇ ಇರುವ ಶಾಲೆಯ ಮೇಡಂಗೆ ಸ್ಟಾಫ್ ರೂಮು ಇಲ್ಲ. ಬೆಳಿಗ್ಗೆ ಬೀಗ ತೆಗೆಯುವವರೂ ಅವರೇ, ಹಾಜರಿ ಹಾಕುವವರೂ ಅವರೇ, ಫೋನಿಗೆ ಬಂದ ‘ಅತಿ ತುರ್ತು’ಗೆ ಉತ್ತರ ಬರೆಯುವವರೂ ಅವರೇ. ಒಂದು ಮಗು ಆರು ತಿಂಗಳಾದರೂ ಒತ್ತಕ್ಷರ ಓದುತ್ತಿಲ್ಲ ಎಂದರೆ ಯಾರನ್ನು ಕೇಳುವುದು? ನಾಲ್ಕು ಮೈಲಿ ಆಚೆಯ ಇನ್ನೊಂದು ಶಾಲೆಯಲ್ಲಿ ಅದೇ ತೊಡಕನ್ನು ಯಾರೋ ಹೋದ ವರ್ಷ ಬಿಡಿಸಿರುತ್ತಾರೆ. ಅದು ಈ ಮೇಡಂಗೆ ತಿಳಿಯುವುದು ಮದುವೆ ಮನೆಯಲ್ಲಿ ಅಕಸ್ಮಾತ್ ಸಿಕ್ಕಿದರೆ.

ಹಾಗೆಂದು ‘ಒಳ್ಳೆಯ ಸುದ್ದಿ ಕಳಿಸಿ’ ಎಂದು ಬಿಇಒ ಕಚೇರಿಯಿಂದ ಆದೇಶ ಹೊರಟರೆ ಏನಾಗುತ್ತದೆಂದೂ ನಮಗೆ ಗೊತ್ತು. ಗ್ರೂಪಿನಲ್ಲಿ ಫೋಟೊಗಳ ಮಳೆ. ಗಿಡ ನೆಟ್ಟ ಫೋಟೊ, ಬ್ಯಾನರ್ ಹಿಡಿದ ಫೋಟೊ, ಗಣ್ಯರಿಗೆ ಶಾಲು ಹೊದಿಸಿದ ಫೋಟೊ, ಪ್ರತಿಯೊಂದರ ಕೆಳಗೂ ಐವತ್ತು ಕೈಮುಗಿದ ಚಿಹ್ನೆ. ಸುದ್ದಿ ಮತ್ತೊಂದು ವರದಿಯಾಗುತ್ತದೆ, ಅದಕ್ಕೂ ಶೂನ್ಯ ವರದಿ ಹುಟ್ಟುತ್ತದೆ. ಫಲಿತಾಂಶದ ಪಟ್ಟಿಯೂ ಸುದ್ದಿಯಲ್ಲ. 2024ರಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, ಯಾದಗಿರಿ ಶೇ 50.59ರೊಂದಿಗೆ ಕೊನೆ. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಇಂಥ ಪಟ್ಟಿ ಬಂದ ಮರುದಿನ ಕೆಳಗಿನ ಜಿಲ್ಲೆಗಳಿಗೆ ನೋಟಿಸು ಹೋಗುವುದು ರೂಢಿ. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದದ್ದು 2024ರಲ್ಲೇ. ಆ ವರ್ಷ ರಾಜ್ಯದ ಫಲಿತಾಂಶ ಹಿಂದಿನ ಶೇ 83.89ರಿಂದ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಕ್ಯಾಮೆರಾ ಇಲ್ಲದ ವರ್ಷಗಳಲ್ಲಿ ನಾವು ಏನನ್ನು ಅಳೆಯುತ್ತಿದ್ದೆವು ಎಂದು ಯಾವುದಾದರೂ ಹೆಡ್‌ಮಾಸ್ಟರುಗಳ ಸಭೆಯಲ್ಲಿ ಬಾಯಿಬಿಟ್ಟು ಚರ್ಚಿಸಿದ್ದರೆ ಅದು ನಿಜವಾದ ಸ್ಥಳೀಯ ಸುದ್ದಿಯಾಗುತ್ತಿತ್ತು.

ಸುದ್ದಿ ಎಂದರೆ ಸೋಲೂ ಸೇರಿಯೇ. ‘ನಮ್ಮ ಶಾಲೆಯಲ್ಲಿ ಹೀಗೆ ಮಾಡಿ ನೋಡಿದೆವು, ಕೈಕೊಟ್ಟಿತು’ ಎಂದು ಹೆಡ್‌ಮಾಸ್ಟರೊಬ್ಬರು ಬಿಇಒ ಎದುರು ಹೇಳಬಲ್ಲರೆ ಆ ತಾಲ್ಲೂಕಿನಲ್ಲಿ ಸುದ್ದಿ ಹರಿಯುತ್ತಿದೆ ಎಂದರ್ಥ. ಈಗಿನ ವಾತಾವರಣದಲ್ಲಿ ಹಾಗೆ ಹೇಳಿದವರಿಗೆ ಕಾರಣ ಕೇಳಿ ನೋಟಿಸು ಬಂದೀತೆಂಬ ಅಂಜಿಕೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ನಮ್ಮ ಬಾಯಲ್ಲಿ ಎಸ್‌ಡಿಎಂಸಿ, 2001ರ ಏಪ್ರಿಲಿನಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದಾಗ ಇಂಥ ಮಾತು ಪೋಷಕರ ಜೊತೆಗಾದರೂ ನಡೆದೀತೆಂದು ಆಸೆಯಿತ್ತು. ನಡೆದ ಕಡೆ ಚೆನ್ನಾಗಿ ನಡೆಯಿತು. ಉಳಿದ ಕಡೆ ಅದೂ ಸಹಿ ಪುಸ್ತಕವಾಯಿತು.

ಕುಣಿಗಲ್ಲಿನಂಥ ಒಂದು ತಾಲ್ಲೂಕಿನಲ್ಲಿ ತಿಂಗಳಿಗೊಂದು ಹಾಳೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಒಂದೇ ಹಾಳೆ, ಎರಡು ಮಗ್ಗುಲು. ಅದಕ್ಕೆ ಬೇಕಾದ ಹಣ ಝೆರಾಕ್ಸ್ ಅಂಗಡಿಯ ಬಿಲ್ಲಿನಷ್ಟು. ಫೋನಿನಲ್ಲಿ ಕಳಿಸಿದರೆ ಅದೂ ಬೇಡ. ಸಂಪಾದಕರು ಸಿಆರ್‌ಪಿಗಳಲ್ಲಿ ಇಬ್ಬರು, ಬರೆಯಲು ಬರುವವರು. ಇಂಥವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಕವನ ಸಂಕಲನಗಳನ್ನೇ ತಂದಿರುತ್ತಾರೆ. ಮೊದಲ ಮಗ್ಗುಲಿನಲ್ಲಿ ಬಿಇಒ ಬರೆದ ಹತ್ತು ಸಾಲು: ಈ ತಿಂಗಳು ಬಂದ ಆದೇಶಗಳಲ್ಲಿ ಮುಖ್ಯವಾದವು ಯಾವುವು, ಅವು ಯಾಕೆ ಬಂದವು, ಯಾವ ಮಾಹಿತಿ ಈಗಾಗಲೇ ಎಸ್‌ಎಟಿಎಸ್‌ನಲ್ಲಿ ಇರುವುದರಿಂದ ಮತ್ತೆ ಕಳಿಸುವುದು ಬೇಡ. ಈ ಕೊನೆಯ ಸಾಲೊಂದಿದ್ದರೆ ಹಾಳೆಯನ್ನು ಎಲ್ಲರೂ ಓದುತ್ತಾರೆ, ಖಂಡಿತ. ಅದರ ಕೆಳಗೆ ಯಾವ ಶಾಲೆಯಲ್ಲಿ ಹುದ್ದೆ ಖಾಲಿಯಿದೆ, ಯಾರು ಯಾವ ಶಾಲೆಗೆ ನಿಯೋಜನೆಯಾದರು, ಯಾವ ಕಾರಣಕ್ಕೆ. ಗಾಳಿಮಾತಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಹಿಂದಿನ ಮಗ್ಗುಲು ಪೂರ್ತಿ ಶಾಲೆಗಳದ್ದು, ಫೋಟೊ ಇಲ್ಲದೆ. ಹೋಬಳಿಗೊಂದು ಟಿಪ್ಪಣಿ: ಕಸಬಾ, ಯಡಿಯೂರು, ಅಮೃತೂರು, ಹುಲಿಯೂರುದುರ್ಗ, ಹುತ್ರಿದುರ್ಗ, ಕೊತ್ತಗೆರೆ. ಒತ್ತಕ್ಷರ ತೊಡಕಾದ ಮಗುವಿಗೆ ಏನು ಮಾಡಿದರು, ಬೇಸಿಗೆಯಲ್ಲಿ ಹಾಜರಾತಿ ಯಾಕೆ ಬಿತ್ತು, ಜಾತ್ರೆಯ ವಾರದಲ್ಲಿ ಯಾವ ಪಾಠ ಇಟ್ಟುಕೊಂಡರು. ಮೂಲೆಯಲ್ಲೊಂದು ಅಂಕಣ ಗಡಿಯಾಚೆಯದು, ನಾಗಮಂಗಲ ಮತ್ತು ತುರುವೇಕೆರೆಯ ಶಾಲೆಗಳಿಗೆ. ನಾಗಮಂಗಲದ ಬಿಇಒ ಕಚೇರಿಯ ಅನುಮತಿ ಬೇಕಾದೀತು, ನಿಜ. ಅನುಮತಿ ಕೇಳುವ ಪತ್ರವನ್ನು ಕುಣಿಗಲ್ಲಿನವರು ತುಮಕೂರು, ಬೆಂಗಳೂರು, ಮಂಡ್ಯ ಸುತ್ತಿಸದೆ ಯಡಿಯೂರಿನ ಸಿಆರ್‌ಪಿ ಕೈಯಲ್ಲೇ ಕೊಟ್ಟು ಬೆಳ್ಳೂರಿನ ಸಿಆರ್‌ಪಿಗೆ ತಲುಪಿಸಬಹುದು. ಸರ್ಕಾರಿ ಬಸ್ಸಿನಲ್ಲಿ, ಮಧ್ಯಾಹ್ನದ ಊಟಕ್ಕೆ ಮೊದಲೇ ಹೋಗಿ ಬರುವ ಕೆಲಸ.